ಬಾಕಿ ಉಳಿದ ಒತ್ತು

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದದ್ದು ನಿಜ, ಆದರೆ ಅಲ್ಲಿ ಕರೆಂಟು ಹೋದ ದಿನಗಳ ಪಾಠ ಇವತ್ತಿಗೂ ನನಗೆ ಬಾರದು. ಬೇರೆಯವರ ಬರಹದಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೆ ಹುಡುಕಿ ತೆಗೆಯಬಲ್ಲೆ; ನನ್ನದೇ ಒಂದು ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕಾಫಿ ಆರಿಹೋಗುವ ತನಕ ಕೂರುತ್ತೇನೆ. ಆದರೆ ಆ ಕ್ಯಾಮೆರಾ ನನ್ನದು, ಹುಡುಗಿ ನನ್ನ ಅಕ್ಕನ ಮಗಳು, ಮತ್ತು ಊರಿನವರು ಈಗಾಗಲೇ ತಮತಮಗೆ ತೋಚಿದಂತೆ ಹೇಳತೊಡಗಿದ್ದಾರೆ. ಹಾಗಾಗಿ ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಮ್ಮೂರಿನಲ್ಲಿ ಸಾಮಾನು ಹಳತಾದಂತೆಲ್ಲ ತಡವಾಗುತ್ತದೆ. ಹಳೆಯ ಸ್ವಿಚ್ಚನ್ನು ಮಧ್ಯಾಹ್ನ ಕೈತೊಳೆದ ಮೇಲೆ ಒತ್ತಿಟ್ಟರೆ ದೀಪ ಮುಸ್ಸಂಜೆಗೆ ಸರಿಯಾಗಿ ಹತ್ತುತ್ತದೆ. ಹಿಂದಿನ ಬೀದಿಯ ವಕೀಲರ ಮನೆಗೆ ಹೋಗುವವರು ಕರೆಗಂಟೆ ಒತ್ತಿ, ಮಾರ್ಕೆಟ್ಟಿಗೆ ಹೋಗಿ ಸೊಪ್ಪು ಕೊಂಡು ಬರುತ್ತಾರೆ. ಅಷ್ಟರಲ್ಲಿ ಗಂಟೆ ಹೊಡೆದು ಬಾಗಿಲು ತೆರೆದಿರುತ್ತದೆ. ನಮ್ಮ ಪ್ರೆಸ್ಸಿನ ಹಳೇ ಮೆಷೀನಿನ ತಡಕ್ಕೆ ಹೆದರಿ, ಗಂಡುಹೆಣ್ಣು ಒಪ್ಪುವುದಕ್ಕೆ ಮೊದಲೇ ಪತ್ರಿಕೆ ಅಚ್ಚಿಗೆ ಹಾಕಿ, ಹೆಸರಿನ ಜಾಗ ಖಾಲಿ ಬಿಟ್ಟಿರುತ್ತೇವೆ. ಮನುಷ್ಯರೂ ಅಷ್ಟೇ. ನಮ್ಮ ಅವ್ವನಿಗೆ ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರ ಬರುವುದು ರಾತ್ರಿ ಉಣ್ಣುವಾಗ. "ಇನ್ನೊಂದ್ ತುತ್ತು ಇಕ್ಲಾ ಅವ್ವ?" ಎಂದರೆ, "ಅಯ್ಯೋ, ಅದನ್ನ ಯಾವಾಗ್ಲೋ ಹಸೂಗ್ ಹಾಕ್ಬಿಟ್ಟೆ ಕಣೋ" ಎನ್ನುತ್ತಾಳೆ. ನಿನ್ನೆಯ ಅನ್ನ ಎಲ್ಲಿ ಎಂದು ಬೆಳಿಗ್ಗೆ ಕೇಳಿದ್ದು ನೆನಪಾಗಿ ನಾನು ತಲೆಯಾಡಿಸುತ್ತೇನೆ.

ನನ್ನ ಕ್ಯಾಮೆರಾ ಹೊಸದಾಗಿದ್ದಾಗ ಗುಂಡಿ ಒತ್ತಿದ ಕೂಡಲೇ ಚಿತ್ರ ತೆಗೆಯುತ್ತಿತ್ತು. ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾ, ಪೆನ್ಸಿಲ್ ಸೆಲ್ಲಿನದು. ಸೆಲ್ಲಿನ ಬಾಗಿಲು ಸಡಿಲವಾಗಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಮೊದಮೊದಲು ಅದು ಒಂದು ಆಕಳಿಕೆಯಷ್ಟು ತಡ ಮಾಡಿತು. ನಗಲು ಹೇಳಿದವರೆಲ್ಲ ನಕ್ಕು ಸುಸ್ತಾಗಿ, ಬಾಯಿ ಮುಚ್ಚುವಾಗ ಚಿತ್ರ ಬರುತ್ತಿತ್ತು. ಆಮೇಲೆ ಒಂದು ಊಟದಷ್ಟು, ಆಮೇಲೆ ಒಂದು ವಾರದಷ್ಟು, ಕೊನೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಬೇರೆ ಯಾರಾದರೂ ಆಗಿದ್ದರೆ ಗುಜರಿಗೆ ಹಾಕುತ್ತಿದ್ದರು. ನಾನು ಹಾಕಲೇ ಬೇಡವೇ ಎಂದು ಯೋಚಿಸುತ್ತಿರುವಾಗಲೇ ಊರಿಗೆ ಅದು ಬೇಕಾಗಿಬಿಟ್ಟಿತು.

ಆದದ್ದು ಇಷ್ಟು. ಹೆಣ್ಣು ನೋಡಲು ಬಂದವರು ಒಮ್ಮೆ ನನ್ನಿಂದ ಜೋಡಿಯ ಚಿತ್ರ ತೆಗೆಸಿದರು. ಒತ್ತಿದ್ದು ಅವತ್ತು; ಚಿತ್ರ ಬರುವ ಹೊತ್ತಿಗೆ ಗಂಡಿನ ಕುಡಿತ ಗೊತ್ತಾಗಿ ಹುಡುಗಿ ಎದುರಿಗೆ ಬಂದು ನಿಲ್ಲಲೇ ಇಲ್ಲ. ಗಂಡು ಒಬ್ಬನೇ, ಪಕ್ಕದಲ್ಲಿ ಜಾಗ ಬಿಟ್ಟುಕೊಂಡು ಬಂದಿದ್ದ. ಇದು ಒಳ್ಳೆಯ ಏರ್ಪಾಡು ಎಂದು ಹಿರಿಯರಿಗೆ ಅನಿಸಿತು. ಅಂದಿನಿಂದ ನಿಶ್ಚಿತಾರ್ಥಕ್ಕೆ ಬದಲು ನನ್ನ ಕ್ಯಾಮೆರಾದ ಗುಂಡಿ ಒತ್ತಿಸುವುದು ರೂಢಿಯಾಯಿತು. ಆ ಒತ್ತಿನ ಚಿತ್ರ ಬರುವಾಗ ಇಬ್ಬರೂ ಎದುರಿಗಿದ್ದರೆ ಮದುವೆ, ಇಲ್ಲದಿದ್ದರೆ ಇಲ್ಲ. ಬರುವ ಮುಂಚೆ ಕ್ಯಾಮೆರಾ ಝುಂಯ್ ಎಂದು ಲೆನ್ಸನ್ನು ಹೊರಗೆ ಚಾಚಿ, ಪಕ್ಕದ ಬೀದಿಯಿಂದ ಓಡಿಬರುವಷ್ಟು ಹೊತ್ತು ಕಾಯುತ್ತಿತ್ತು. ಒಮ್ಮೆ ಓಡಿಬರುವ ಗಲಾಟೆಯಲ್ಲಿ ಹುಡುಗಿಯ ಅಕ್ಕನೂ ಪೆಂಡಾಲಿನ ಲಾರಿಯ ಕ್ಲೀನರೂ ಚಿತ್ರದಲ್ಲಿ ಸಿಕ್ಕಿಕೊಂಡರು. ಒತ್ತು ಒತ್ತೇ ಎಂದು ಹಿರಿಯರು ಅವರಿಬ್ಬರಿಗೇ ಮದುವೆ ಮಾಡಿಸಿದರು. ಆ ಗಂಡಹೆಂಡತಿ ಈಗ ಸ್ವಂತ ಲಾರಿ ಇಟ್ಟಿದ್ದಾರೆ, ಚೆನ್ನಾಗಿದ್ದಾರೆ.

"ನಿಮ್ಮ ಹುಡುಗಿಗೆ ಒತ್ತಾಯಿತಾ?" ಎಂದು ಕೇಳುವುದು ಊರಿನ ಮಾತಾಯಿತು. ಒತ್ತಾಯಿತು ಎಂಬುದರೊಳಗೆ ಒತ್ತಾಯ ಕೂತಿರುವುದು ನನ್ನ ಕಣ್ಣಿಗೆ ಎಷ್ಟೋ ಸಲ ಬಿದ್ದಿತ್ತು. ಆದರೆ ಅಕ್ಷರ ಸರಿಯಿದ್ದ ಕಡೆ ನಾನು ಗುರುತು ಹಾಕುವುದಿಲ್ಲ.

ನಮ್ಮಕ್ಕ ಸಿದ್ದಮ್ಮನ ಮಗಳು ತುಂಗಾಳಿಗೆ ಒತ್ತಾದದ್ದು ಹೀಗೆಯೇ. ಅವಳು ಸೀರೆ ಅಂಗಡಿಯಲ್ಲಿ ಫಾಲ್ಸ್ ಹೊಲಿಯುತ್ತಾಳೆ. ಗಂಡು ಗೋಲಿಸೋಡಾ ಕಾರ್ಖಾನೆಯ ಕೆಂಪರಾಜು. ಅವನು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಗಿರಾಕಿ ಬಂದರೆ ಬಾಟಲಿ ಎತ್ತಿ ತೋರಿಸುತ್ತಾನೆ, ಅಷ್ಟೇ. ಅವನ ತಾಯಿ ಚಿಕ್ಕತಾಯಮ್ಮ ಇಬ್ಬರ ಪಾಲಿನ ಮಾತನ್ನೂ ಆಡುತ್ತಾರೆ. ಅವರೂ ನಮ್ಮಕ್ಕನೂ ಮಾತಾಡಿ ಮುಗಿಸಿದರು, ಹುಡುಗ ಹುಡುಗಿಯನ್ನು ನಮ್ಮ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದರು, ನಾನು ಒತ್ತಿದೆ.

ತಿಂಗಳಾಗುತ್ತ ಬಂದಾಗ ಇಬ್ಬರೂ ಸಂಜೆಹೊತ್ತು ಬಂದು ಬೆಂಚಿನ ಮೇಲೆ ಕೂರತೊಡಗಿದರು, ಚಿತ್ರ ಬಂದರೆ ತಾವಿರಬೇಕೆಂದು. ತಿಂಗಳು ದಾಟಿತು. ಚಿತ್ರ ಬರಲಿಲ್ಲ. ಕೂರುವುದು ಮುಂದುವರಿಯಿತು. ಮೊದಲು ನಡುವೆ ಅವಳ ಊಟದ ಡಬ್ಬಿಯ ಚೀಲ ಇರುತ್ತಿತ್ತು; ಆಮೇಲೆ ಚೀಲ ಕೆಳಗಿಳಿಯಿತು. ನಾನು ಒಳಗೆ ಕರಡು ಹಿಡಿದು ಕೂತಿರುತ್ತಿದ್ದೆ. ಕದ್ದು ಕೇಳಬಾರದೆಂದು ಕಿವಿಯನ್ನು ಬೇರೆ ಕಡೆ ತಿರುಗಿಸಿದರೂ ಕೇಳುತ್ತಿತ್ತು. ಮಾತಾಡುತ್ತಿದ್ದವನು ಕೆಂಪರಾಜು. ಹಳೇ ಬಾಟಲಿಯ ಸೋಡಾ ಕುಡಿದ ಪೊಲೀಸಿನವನಿಗೆ ತೇಗು ಬಂದದ್ದು ಮಾರನೇ ದಿನ, ಸಾಹೇಬರ ಮುಂದೆ ಸೆಲ್ಯೂಟ್ ಹೊಡೆಯುವಾಗ, ಎಂದು ಹೇಳುತ್ತಿದ್ದ. ತುಂಗಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಕ್ಯಾಮೆರಾ ಝುಂಯ್ ಎಂದಿತು. ಇಬ್ಬರೂ ನೆಟ್ಟಗೆ ಕೂತರು. ಲೆನ್ಸು ಅರ್ಧಕ್ಕೆ ಬಂದು, ಕಟಕಟ ಎಂದು ಹಲ್ಲು ಕಡಿದು, ಅಲ್ಲೇ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗೆ ಒತ್ತು ಇದೆ, ಹೊರಗೆ ಬರಲು ದಾರಿಯಿಲ್ಲ.

ನಾನು ಇಸ್ಮಾಯಿಲ್ ಸಾಬರ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಒತ್ತು ಬಾಕಿಯಿರುವ ಕ್ಯಾಮೆರಾವನ್ನು ಬೆಂಚಿನ ಎದುರಿನಿಂದ ಕದಲಿಸಲು ಧೈರ್ಯ ಸಾಲದೆ ಬರಿಗೈಯಲ್ಲಿ ಹೋಗಿ, ಅದು ಮಾಡಿದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದೆ. ಸಾಬರು ಎರಡು ಸಲ ಮಾಡಿಸಿದರು. ಎರಡನೆಯದು ಬರೀ ತಮಾಷೆಗೆ ಎಂದು ಆಮೇಲೆ ಗೊತ್ತಾಯಿತು.

"ಬಾಯಿ ರಿಪೇರಿ ಮಾಡಾಕ್ ನಾನು ಡಾಕ್ಟರಲ್ಲ ಮರಿಸ್ವಾಮಿ, ಸಾಮಾನ್ ತಗೊಂಬಾ," ಎಂದರು. "ಆದ್ರೆ ಒಂದ್ ತಿಳ್ಕೋ. ಬಿಚ್ಚಿದ್ ಮೇಲೆ ಕೆಲವು ಸಾಮಾನು ಎಳೇದಾಗ್ಬಿಡ್ತದೆ. ಮಾಸ್ತರ್ ಮನೆ ಗಡಿಯಾರ ಬಿಚ್ಚಿದ್ನಲ್ಲ, ಬಾಕಿ ಇದ್ದ ಗಂಟೆ ಒಂದೂ ಹೊಡೀಲಿಲ್ಲ, ಆ ಕ್ಷಣದಿಂದ ಸರಿಯಾದ ಟೈಮು. ಇನ್ ಕೆಲವು ಬಿಚ್ಚಿದ್ರೂ ಹಂಗೇ ತಡಾನೇ. ಯಾವ್ದು ಎಂಗೆ ಅಂತ ನಂಗೂ ತಿಳಿಯಲ್ಲ. ಒಳಗಿರೋ ಒತ್ತು ಉಳಿದ್ರೆ ನಿನ್ ಅದೃಷ್ಟ."

ಒತ್ತು ಅಳಿಸಿಹೋದರೆ ಮಾತು ಮುರಿದಂತೆ, ಇಬ್ಬರೂ ಬಿಡುಗಡೆ. ಇದೂ ರೂಢಿಯೇ.

ಮಾರನೇ ಬೆಳಿಗ್ಗೆ ಚಿಕ್ಕತಾಯಮ್ಮ ನಮ್ಮಕ್ಕನನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂತರು. "ಈ ಮುದಿ ಗೂಬೆ ಎದ್ರಿಗೆ ನನ್ ಮಗ ಎಷ್ಟ್ ದಿನ ಅಂತ ಕೂರ್ಬೇಕು ಮರಿಸ್ವಾಮಣ್ಣ? ಎಸೀರಿ ಅತ್ಲಾಗೆ. ಹೊಸದ್ ನಾನೇ ತರ್ತೀನಿ. ಫಟ್ ಅಂತ ಒತ್ತಿ, ಫಟ್ ಅಂತ ಬರ್ಲಿ, ಲಗ್ನ ಕಟ್ಸಾಣ."

"ಎಳೇ ಕ್ಯಾಮೆರಾದಲ್ಲಿ ಒತ್ತು ನಿಲ್ಲಲ್ವಲ್ಲಮ್ಮ," ಎಂದೆ.

"ನಿಲ್ಲೋದ್ಯಾಕೆ? ನಿಂತಿದ್ದೆಲ್ಲ ಸಾಕಾಗೈತೆ. ನೀವಂತೂ ಈ ವಯಸ್ಸಾದ್ರೂ ಒತ್ತುಸ್ಕೊಳ್ಳಿಲ್ಲ, ಬೇರೆಯೋರ ಅವಸರ ನಿಮಗೆಂಗ್ ತಿಳೀಬೇಕು?"

ಅಕ್ಕ ನನ್ನ ಕಡೆಗೆ ಬಾಗಿ, "ರಿಪೇರಿ ಮಾತ್ರ ಬೇಡ ಕಣೋ," ಎಂದಳು. "ಇರೋ ಒತ್ತೂ ಹೋದ್ರೆ ಹುಡುಗಿ ಮತ್ತೆ ಮೊದ್ಲಿಂದ. ಹೊಸದೇ ತರ್ಲಿ ಬಿಡು."

ಅವರು ಹೋದ ಮೇಲೆ ಅವ್ವನನ್ನು ಕೇಳಿದೆ: ರಿಪೇರಿ ಮಾಡಿಸಲೋ, ಹೊಸದು ತರಲೋ. ರಾತ್ರಿ ಸಾರು ಬಡಿಸುತ್ತ ಇನ್ನೂ ಸ್ವಲ್ಪ ಹಾಕಲೇ ಎಂದಾಗ "ಬೇಡ" ಎಂದಳು. ಯಾವುದು ಬೇಡ, ಸಾರೋ, ರಿಪೇರಿಯೋ, ಹೊಸದೋ ಎಂದು ನಾನು ಸೌಟು ಹಿಡಿದು ನಿಂತೆ. ಮತ್ತೆ ಕೇಳಿದರೆ ಉತ್ತರ ನಾಳೆಗೆ. ಸಾರು ಹಾಕಿದೆ, ಅವಳು ಉಂಡಳು. ಅಲ್ಲಿಗೆ ಒಂದು ಸಂದೇಹ ಕಳೆಯಿತು, ಎರಡು ಉಳಿದವು.

ಮರುದಿನ ತುಂಗಾ ಪ್ರೆಸ್ಸಿಗೆ ಬಂದಳು. ನನ್ನ ಮೇಜಿನ ಮೇಲೆ ಹರಡಿದ್ದ, ಹೆಸರಿಲ್ಲದ ಲಗ್ನಪತ್ರಿಕೆಗಳನ್ನು ಸರಿಸಿ ಕೈಯೂರಿ ನಿಂತಳು.

"ಮಾವ, ರಿಪೇರಿಗೆ ಕೊಡು."

"ಒತ್ತು ಹೋಗ್ಬೋದು ಕಣಮ್ಮ."

"ಗೊತ್ತು."

"ಹಂಗಾದ್ರೆ ಹುಡುಗ ಇಷ್ಟ ಇಲ್ವಾ?"

"ಇಷ್ಟ ಇಲ್ಲ ಅಂತ ನಾನ್ ಅಂದ್ನಾ?"

"ಮತ್ತೆ, ಇಷ್ಟಾನಾ?"

"ಅದನ್ನೂ ಹೇಳ್ಲಿಲ್ವಲ್ಲ."

"ಏನಂತ ಬರ್ಕೊಳ್ಲಿ ನಾನು?"

"ಏನೂ ಬರ್ಕೋಬೇಡ. ಅವತ್ತು ನಮ್ಮಮ್ಮ ಅವರಮ್ಮನ್ನ ಕೇಳಿದ್ರು, ಅವರಮ್ಮ ನಿನ್ನ ಕೇಳಿದ್ರು, ನೀನು ಕ್ಯಾಮೆರಾಗೆ ಸೆಲ್ ಇದೆಯಾ ಅಂತ ಕೇಳ್ದೆ. ನನ್ನೊಬ್ಳನ್ನ ಬಿಟ್ಟು ಎಲ್ಲಾರೂ ಎಲ್ಲಾರನ್ನೂ ಕೇಳಿದ್ರು."

"ಈಗ ನಾನ್ ಕೇಳ್ತಿದೀನಲ್ಲ ತುಂಗಾ."

ಅವಳು ನಕ್ಕಳು. "ನೀನಲ್ಲ ಮಾವ," ಎಂದು ಹೇಳಿ ಹೊರಟುಹೋದಳು.

ಆ ದಿನ ನಾನು ಒಂದು ಪತ್ರಿಕೆಯಲ್ಲಿ 'ವಿವಾಹ' ಎಂಬುದನ್ನು 'ವಿವಾದ' ಎಂದೇ ಬಿಟ್ಟೆ. ರಿಪೇರಿಗೆ ಕೊಟ್ಟು ಒತ್ತು ಅಳಿಸಿದರೆ, ಚಿಕ್ಕತಾಯಮ್ಮ ಹಟದಿಂದ ಮಗನನ್ನು ಬೇರೆ ಕಡೆ ಒತ್ತಿಸಿಬಿಡಬಹುದು. ಬೆಂಚಿನ ಮೇಲಿನ ನಗು ಅಲ್ಲಿಗೆ ಮುಗಿಯಿತು. ಹೊಸದು ತಂದರೆ ಮದುವೆ ನಿಶ್ಚಯ, ಆದರೆ ಅವಳನ್ನು ಯಾರೂ ಕೇಳದೇ ಉಳಿದದ್ದು ಜನ್ಮಪೂರ್ತಿ ಹಾಗೆಯೇ ಉಳಿಯುತ್ತದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ತೂಗಿ ನೋಡಿ, ತೂಗಿ ನೋಡಿ, ಕೊನೆಗೆ ತೂಗುವುದನ್ನು ಬಿಟ್ಟೆ. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. ಅದನ್ನಾದರೂ ಮಾಡೋಣ ಎಂದುಕೊಂಡೆ.

ಕ್ಯಾಮೆರಾವನ್ನು ಸಾಗಿಸುವುದೇ ಒಂದು ಪೇಚು. ದಾರಿಯಲ್ಲಿ ಲೆನ್ಸು ತಾನಾಗಿ ಸಡಿಲಗೊಂಡು ಚಿತ್ರ ಬಂದುಬಿಟ್ಟರೆ, ಎದುರಿಗೆ ಯಾರಿರುತ್ತಾರೋ. ಲಾರಿ ಕ್ಲೀನರನ ಕಥೆ ನನಗೆ ಮರೆತಿರಲಿಲ್ಲ. ಅದಕ್ಕೆ ತುಂಗಾಳನ್ನೂ ಕೆಂಪರಾಜುವನ್ನೂ ಕರೆದುಕೊಂಡು, ಅವರ ಕಡೆಗೆ ಕ್ಯಾಮೆರಾ ಹಿಡಿದು, ಬಜಾರಿನ ಉದ್ದಕ್ಕೂ ನಾನು ಹಿಂದುಹಿಂದಕ್ಕೆ ನಡೆದೆ. ಅವರಿಬ್ಬರೂ ಅಕ್ಕಪಕ್ಕ ಬಿಡದಂತೆ ನನ್ನೆದುರಿಗೆ ಬಂದರು. ಬಾಳೆಹಣ್ಣಿನ ಗಾಡಿಗೆ ನನ್ನ ಬೆನ್ನು ತಗುಲಿತು.

"ಏನ್ ಮರಿಸ್ವಾಮಿ, ಹಿಂದಕ್ ಹೊಂಟಿದ್ದೀಯ? ಬಂದ್ ದಾರಿ ಚೆನ್ನಾಗಿತ್ತಾ?" ಎಂದು ಗಾಡಿಯವನು ಕೇಳಿದ.

"ಎಡಕ್ಕೆ ಸಾರ್, ಎಡಕ್ಕೆ," ಎಂದು ಕೆಂಪರಾಜು ದಾರಿ ಹೇಳುತ್ತಿದ್ದ. "ಎಮ್ಮೆ ಐತೆ."

"ಯಾರ್ ಎಡಕ್ಕೆ, ನಿಂದೋ ಮಾವಂದೋ?" ಎಂದು ತುಂಗಾ. ಅಷ್ಟರಲ್ಲಿ ಎಮ್ಮೆಯೇ ದಾರಿ ಬಿಟ್ಟಿತು.

ಇಸ್ಮಾಯಿಲ್ ಸಾಬರು ಕ್ಯಾಮೆರಾವನ್ನು ಬಟ್ಟೆಯ ಮೇಲೆ ಇಟ್ಟು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡಾಗ ಚಿಕ್ಕತಾಯಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು, ಕಂಕುಳಲ್ಲಿ ಹೊಸ ಕ್ಯಾಮೆರಾದ ಪೆಟ್ಟಿಗೆ. ಹಿಂದೆ ನಮ್ಮಕ್ಕ, ಏದುಸಿರು ಬಿಡುತ್ತ. ನಾನು ಹಿಂದಕ್ಕೆ ನಡೆಯುವುದನ್ನು ಬಜಾರೆಲ್ಲ ನೋಡಿದ್ದರಿಂದ ಸುದ್ದಿ ಮುಂದಕ್ಕೆ ಬೇಗ ನಡೆದಿತ್ತು.

"ಸಾಬ್ರೇ, ಅದನ್ನ ಮುಟ್ಟಬ್ಯಾಡಿ," ಎಂದರು ಚಿಕ್ಕತಾಯಮ್ಮ. "ಹೊಸದ್ ಬಂದದೆ. ತಗೀರಿ ಮರಿಸ್ವಾಮಣ್ಣ, ಇಲ್ಲೇ ಒತ್ತಿ."

ಸಾಬರು ನನ್ನ ಮುಖ ನೋಡಿದರು. "ಎರಡ್ರಾಗೆ ಒಂದ್ ಹೇಳಪ್ಪ. ಬಿಚ್ಲೋ, ಬಿಡ್ಲೋ?"

ಎಲ್ಲರೂ ನನ್ನನ್ನೇ ನೋಡಿದರು. ಬಿಚ್ಚಿ ಎಂದು ಹೇಳಲೆಂದೇ ಅಷ್ಟು ದೂರ ಹಿಂದುಹಿಂದಕ್ಕೆ ಬಂದವನು ನಾನು. ಆದರೂ ಬಾಯಿಂದ ಬಂದದ್ದು, "ಒಂದು ದೃಷ್ಟಿಯಿಂದ ನೋಡಿದರೆ..." ಎಂಬುದಷ್ಟೇ. ಇನ್ನೊಂದು ದೃಷ್ಟಿಯನ್ನು ಹುಡುಕುತ್ತಿರುವಾಗ ಪಕ್ಕದಿಂದ ದನಿ ಬಂತು.

"ಬಿಚ್ಚಿ ಸಾಬ್ರೇ."

ಕೆಂಪರಾಜು. ಅವನ ತಾಯಿ ಅವನ ದನಿಯನ್ನೇ ಗುರುತಿಸದವರಂತೆ ಸುತ್ತ ನೋಡಿದರು. ಆಮೇಲೆ, "ಲೋ, ಒತ್ತು ಹೋಯ್ತದೆ ಕಣ್ಲಾ," ಎಂದರು.

"ಹೋಗ್ಲಿ ಬಿಡವ್ವ. ಅದು ನೀವ್ ಒತ್ತಿಸಿದ್ದು. ನಾನಿನ್ನೂ ಇವಳನ್ನ ಕೇಳೇ ಇಲ್ಲ."

"ಇಷ್ಟ್ ದಿನ ಬೆಂಚ್ ಮೇಲ್ ಕೂತ್ಕೊಂಡು ಏನ್ ಮಾಡ್ತಿದ್ದೆ ಮತ್ತೆ?"

"ಸೋಡಾ ವಿಷ್ಯ ಮಾತಾಡ್ತಿದ್ದೆ."

ಚಿಕ್ಕತಾಯಮ್ಮ ಹೊಸ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು ಅದರ ಪಕ್ಕದಲ್ಲಿ ತಾವೂ ಕೂತರು. ಸಾಬರು ಸ್ಕ್ರೂ ಬಿಚ್ಚಿದರು. ಮುಚ್ಚಳ ತೆಗೆದು, ಚಿಮಟಿಗೆಯಲ್ಲಿ ಲೆನ್ಸಿನ ಸಂದಿಗೆ ಕೈಹಾಕಿ, ಒಂದು ಹಳದಿ ಅಕ್ಕಿಕಾಳನ್ನು ಎತ್ತಿದರು. ಯಾರ ಮದುವೆಯ ಅಕ್ಷತೆಯೋ, ಅಲ್ಲಿ ಹೋಗಿ ಕೂತಿತ್ತು. ಊದಿದರು, ಒರೆಸಿದರು, ಮುಚ್ಚಳ ಹಾಕಿ ಸೆಲ್ಲು ತುಂಬಿದರು. ನಾನು ರಬ್ಬರ್ ಬ್ಯಾಂಡ್ ಕೊಟ್ಟೆ. ಆನ್ ಮಾಡಿದಾಗ ಝುಂಯ್ ಎಂದು ಲೆನ್ಸು ಪೂರ್ತಿಯಾಗಿ ಹೊರಗೆ ಬಂತು.

ಅದು ಕ್ಯಾಮೆರಾ ಎಚ್ಚರವಾದ ಸದ್ದೋ, ಒತ್ತು ಬರುವ ಮುಂಚಿನ ಸದ್ದೋ ಯಾರಿಗೂ ಗೊತ್ತಾಗಲಿಲ್ಲ. ಎರಡಕ್ಕೂ ಸದ್ದು ಒಂದೇ. "ಒತ್ತು ಅಳಿಸ್ತಾ ಸಾಬ್ರೇ?" ಎಂದು ಅಕ್ಕ ಕೇಳಿದಳು. "ಅದರ ಹೊಟ್ಟೆಯೊಳಗಿಂದು ಅದಕ್ಕೇ ಗೊತ್ತು ತಾಯಿ," ಎಂದು ಸಾಬರು ಕ್ಯಾಮೆರಾವನ್ನು ಕೆಂಪರಾಜುವಿನ ಕೈಗೆ ಕೊಟ್ಟರು.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬಿಚ್ಚಿದ ರೇಡಿಯೋಗಳ ನಡುವೆ, ಅವಳ ಕಡೆಗೆ ತಿರುಗಿ, ಬೆಂಚಿನ ಮೇಲೆ ಪೊಲೀಸಿನವನ ಕಥೆ ಹೇಳುವಾಗ ಇದ್ದ ಒಂದು ಮಾತೂ ನೆನಪಿಗೆ ಬಾರದವನಂತೆ ನಿಂತು, ಕೊನೆಗೆ ಒಂದೇ ಮಾತು ಕೇಳಿದ. "ಒತ್ಲಾ?"

ತುಂಗಾ ಉತ್ತರ ಕೊಡಲು ತಡಮಾಡಿದಳು. ಅವಳದು ತಡವಾಗುವ ವಯಸ್ಸಲ್ಲ. ಬೇಕೆಂದೇ ಮಾಡಿದಳು ಎಂದು ನನ್ನ ಅಂದಾಜು.

"ಬೇಡ," ಎಂದಳು. ಅವನ ಮುಖ ಇಳಿಯುವುದನ್ನು ಪೂರ್ತಿ ನೋಡಿದ ಮೇಲೆ, "ಕೊಡಿಲ್ಲಿ," ಎಂದು ಕ್ಯಾಮೆರಾ ತೆಗೆದುಕೊಂಡಳು. "ನಾನ್ ಒತ್ತೀನಿ."

ಕೈಯನ್ನು ಉದ್ದ ಚಾಚಿ ಲೆನ್ಸನ್ನು ತಮ್ಮಿಬ್ಬರ ಕಡೆಗೆ ತಿರುಗಿಸಿ, ಅವನ ಭುಜಕ್ಕೆ ಭುಜ ತಾಗಿಸಿ ನಿಂತಳು. ಬೆರಳು ಗುಂಡಿಯ ಮೇಲೆ ಹೋಯಿತು. ಫ್ಲ್ಯಾಶ್ ಹೊಳೆಯಿತು.

ಚಿತ್ರದಲ್ಲಿ ಕೆಂಪರಾಜುವಿನ ಅರ್ಧ ತಲೆ ಕತ್ತರಿಸಿಹೋಗಿದೆ. ತುಂಗಾಳ ಮುಖ ಪೂರ್ತಿ ಇದೆ, ಬಾಯಿ ತೆರೆದು ನಗುತ್ತಿದ್ದಾಳೆ, ಸೆರಗು ಅಡ್ಡವಿಲ್ಲ. ಹಿಂದೆ ಚಿಕ್ಕತಾಯಮ್ಮ ಹೊಸ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದಾರೆ. ನನ್ನದು ಒಂದು ಮೊಣಕೈ.

ಮದುವೆ ಆಯಿತು, ಆ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಆ ಚಿತ್ರ ಯಾರ ಒತ್ತಿನದು ಎಂಬುದರ ಬಗ್ಗೆ. "ನಾವ್ ಒತ್ತಿಸಿದ್ದೇ ಬಂತು, ಇವಳು ಸುಮ್ನೆ ಬೆರಳಿಟ್ಟಿದ್ಲು," ಎಂದು ಚಿಕ್ಕತಾಯಮ್ಮ ಬಂದವರಿಗೆಲ್ಲ ಹೇಳುತ್ತಾರೆ. ಅವಳು ಒತ್ತುವ ಮುಂಚೆಯೇ ಬೆಳಕು ಬಂತು ಎಂದು ನಮ್ಮಕ್ಕನ ಸಾಕ್ಷಿ. "ಬೆರಳು ನಂದು, ಗುಂಡಿ ಕೆಳಗೆ ಹೋಗಿದ್ದು ನಂಗೆ ಗೊತ್ತಾಯ್ತು," ಎಂದು ತುಂಗಾ. ಸಾಬರು ಆ ಹೊತ್ತಿಗೆ ಅಕ್ಕಿಕಾಳನ್ನು ನೋಡುತ್ತಿದ್ದರಂತೆ. ನಾನು ಕಣ್ಣು ಮಿಟುಕಿಸದೆ ಅವಳ ಬೆರಳನ್ನೇ ನೋಡುತ್ತಿದ್ದೆ, ಆದರೂ ಯಾವುದು ಮೊದಲು ಎಂದು ಪ್ರಮಾಣ ಮಾಡಲಾರೆ.

ತಿಳಿಯಲು ದಾರಿ ಇಲ್ಲದಿಲ್ಲ. ಇನ್ನೊಂದು ಸಲ ಗುಂಡಿ ಒತ್ತಿದರೆ ಸಾಕು. ಚಿತ್ರ ಕೂಡಲೇ ಬಂದರೆ ಕ್ಯಾಮೆರಾ ಎಳೆಯದಾಗಿದೆ, ಅಂದಿನ ಚಿತ್ರ ತುಂಗಾಳದು. ಬಾರದಿದ್ದರೆ ಅಂದು ಬಂದದ್ದು ಹಿರಿಯರ ಒತ್ತು. ಅವಳದು ಇನ್ನೂ ಒಳಗೇ ಇದೆ, ಬರಬೇಕಾದಾಗ ಬರುತ್ತದೆ. "ಒಂದ್ಸಲ ಒತ್ತಿ ನೋಡು ಮಾವ, ಅತ್ತೆ ಬಾಯಿ ಮುಚ್ಚಿಸೋಣ," ಎಂದು ಅವಳು ಹೇಳಿದ್ದುಂಟು. ಕೆಂಪರಾಜು ಅವಳ ಹಿಂದೆ ನಿಂತು ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದ. ಬಾಕಿ ಇದ್ದರೂ ಇರಬಹುದು ಎಂಬ ನೆಪದಲ್ಲಿ ಅವನು ಈಗಲೂ ಕೆಲವು ಸಂಜೆ ಹೆಂಡತಿಯನ್ನು ಕರೆದುಕೊಂಡು ನಮ್ಮ ಪಡಸಾಲೆಯ ಬೆಂಚಿಗೆ ಬರುತ್ತಾನೆ. ಅಲ್ಲಿ ಕೂತರೆ ಅವನಿಗೆ ಮಾತು ಬರುತ್ತದೆ.

ಊರಿನವರು ಒತ್ತಿಸಲು ಬಂದರೆ ಕ್ಯಾಮೆರಾ ರಿಪೇರಿಯಲ್ಲಿದೆ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೇನೆ. ಅಂದಿನಿಂದ ನಾನು ಗುಂಡಿ ಮುಟ್ಟಿಲ್ಲ. ಹಾಗಾಗಿ ಆ ಚಿತ್ರ ಯಾರ ಒತ್ತಿನದೋ ನನಗೆ ಗೊತ್ತಿಲ್ಲ.